ಕೂಲಿಯಲ್ಲ, ಕೃಪೆ: ಕ್ರೈಸ್ತರು ಹೇಳುವ ರಕ್ಷಣೆ ಎಂದರೇನು?

2025ರ ಮೇ 8ರಂದು ಪೋಪ್ ಆಗಿ ಆಯ್ಕೆಯಾದ ಹದಿನಾಲ್ಕನೆಯ ಲಿಯೋ ಅವರು ಸಂತ ಪೇತ್ರರ ಮಹಾದೇವಾಲಯದ ಮುಂದೆ ನೆರೆದಿದ್ದ ಜನರನ್ನು ಉದ್ದೇಶಿಸಿ ಮಾಡಿದ ಮೊದಲ ಭಾಷಣದಲ್ಲಿಯೇ ತಮ್ಮನ್ನು ಸಂತ ಅಗಸ್ಟೀನರ ಮಗನೆಂದು, ಅಂದರೆ ಆ ಪುರಾತನ ಧರ್ಮಗುರುವಿನ ಹೆಸರಿನ ಸನ್ಯಾಸಿ ಸಂಘದವನೆಂದು ಪರಿಚಯಿಸಿಕೊಂಡರು. ಆಗ ಕ್ಯಾಥೊಲಿಕರು ಕ್ಷಮೆಗೂ ಯಾತ್ರೆಗೂ ಮೀಸಲಿಡುವ ಜ್ಯೂಬಿಲಿ ವರ್ಷ ನಡೆಯುತ್ತಿತ್ತು. 2024ರ ಡಿಸೆಂಬರ್ 24ರಂದು ತೆರೆದು 2026ರ ಜನವರಿ 6ರಂದು ಮುಚ್ಚಲಾದ ರೋಮಿನ ಪವಿತ್ರ ದ್ವಾರವನ್ನು ದಾಟಲು ಯಾತ್ರಿಕರು ಸಾಲುಗಟ್ಟಿ ನಿಂತಿದ್ದರು. ಕ್ರೈಸ್ತರು ತಮ್ಮ ನಂಬಿಕೆಯ ಸಾರವೆಂದು ಪಠಿಸುವ ವಿಶ್ವಾಸಪ್ರಮಾಣಕ್ಕೆ ಅಡಿಪಾಯ ಹಾಕಿದ, ಬಿಷಪ್ಪರ ನೈಸಿಯಾ ಮಹಾಸಭೆಗೆ 1700 ವರ್ಷ ತುಂಬಿದ್ದೂ 2025ರಲ್ಲಿಯೇ. ಈ ಸುದ್ದಿಗಳಲ್ಲೆಲ್ಲ ಪಾಪ, ರಕ್ಷಣೆ, ಕೃಪೆ, ಕ್ಷಮೆ ಎಂಬ ಪದಗಳು ಮತ್ತೆ ಮತ್ತೆ ಬಂದವು. ಮಂಗಳೂರಿನಲ್ಲಾಗಲಿ, ಧಾರವಾಡದಲ್ಲಾಗಲಿ, ಬೆಂಗಳೂರಿನ ಶಿವಾಜಿನಗರದಲ್ಲಾಗಲಿ ಚರ್ಚಿನ ಫಲಕಗಳನ್ನು ಓದುತ್ತ ಓಡಾಡುವ ಕನ್ನಡಿಗರಿಗೆ ಈ ಪದಗಳು ಹೊಸವಲ್ಲ. ಆದರೆ ಅವುಗಳ ಹಿಂದಿರುವ ವಿಚಾರವೇನು, ಅವು ಒಂದಕ್ಕೊಂದು ಹೇಗೆ ಹೊಂದಿಕೊಳ್ಳುತ್ತವೆ ಎಂಬುದನ್ನು ಕ್ರೈಸ್ತರಲ್ಲದವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಆ ಕೆಲಸವನ್ನು ಇಲ್ಲಿ ಬುಡದಿಂದ ಮಾಡುವ ಪ್ರಯತ್ನವಿದೆ.

ಯಾವುದರಿಂದ ರಕ್ಷಣೆ?

ರಕ್ಷಣೆ ಎಂದೊಡನೆ ಯಾವುದೋ ಅಪಾಯದಿಂದ ಪಾರಾಗುವುದು ಎಂಬ ಅರ್ಥ ಸಹಜವಾಗಿಯೇ ಹೊಳೆಯುತ್ತದೆ. ಕ್ರೈಸ್ತ ನಂಬಿಕೆಯಲ್ಲಿ ಆ ಅಪಾಯದ ಹೆಸರು ಪಾಪ. ಸುಳ್ಳು, ಕಳವು, ಕೊಲೆಯಂಥ ತಪ್ಪು ಕೆಲಸಗಳ ಪಟ್ಟಿಯೇ ಪಾಪವೆಂದು ಹೊರಗಿನವರು ತಿಳಿಯುವುದುಂಟು. ಬೈಬಲಿನ ಪ್ರಕಾರ ಆ ಕೆಲಸಗಳು ರೋಗದ ಲಕ್ಷಣಗಳು ಮಾತ್ರ. ಮನುಷ್ಯನು ತನ್ನನ್ನು ಸೃಷ್ಟಿಸಿದ ದೇವರಿಂದ ದೂರ ಸರಿದು, ತನ್ನ ಬದುಕಿಗೆ ತಾನೇ ಕೇಂದ್ರವೆಂದುಕೊಂಡಿರುವ ಸ್ಥಿತಿಯೇ ಮೂಲ ರೋಗ. ಆ ಸಂಬಂಧ ಮುರಿದದ್ದರಿಂದಲೇ ನೆರೆಯವರೊಡನೆ, ಪ್ರಕೃತಿಯೊಡನೆ, ಕೊನೆಗೆ ತನ್ನೊಡನೆಯೇ ಇರಬೇಕಾದ ಸಂಬಂಧಗಳೂ ಮುರಿಯುತ್ತವೆ ಎಂಬುದು ಇಲ್ಲಿಯ ವಾದ. ಮಾಡಬೇಕೆಂದಿರುವ ಒಳ್ಳೆಯದನ್ನು ಮಾಡದೆ, ಬೇಡವೆನಿಸಿದ ಕೆಟ್ಟದ್ದನ್ನೇ ಮಾಡುತ್ತೇನೆ ಎಂದು ಯೇಸುವಿನ ಸಂದೇಶವನ್ನು ಸಾರಿದ ಮೊದಲ ತಲೆಮಾರಿನ ಪೌಲರು ರೋಮಿನ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ಹೇಳಿದ್ದು ಈ ಸ್ಥಿತಿಯನ್ನು ಕುರಿತೇ.

ಇದನ್ನು ಅತಿ ಸೂಕ್ಷ್ಮವಾಗಿ ನೋಡಿದವರು ಅಗಸ್ಟೀನ್. ಕ್ರಿ.ಶ. 354ರಲ್ಲಿ, ಇಂದಿನ ಆಲ್ಜೀರಿಯಕ್ಕೆ ಸೇರಿದ ತಗಾಸ್ತೆ ಎಂಬ ಊರಿನಲ್ಲಿ ಹುಟ್ಟಿದ ಅವರು, ಹದಿನಾರರ ಹರೆಯದಲ್ಲಿ ಗೆಳೆಯರ ಗುಂಪು ಕಟ್ಟಿಕೊಂಡು ರಾತ್ರಿಹೊತ್ತು ನೆರೆಯವರ ಪೇರು ಮರವನ್ನು ಅಲ್ಲಾಡಿಸಿ ಹೊರೆಗಟ್ಟಲೆ ಹಣ್ಣು ಕದ್ದದ್ದನ್ನು ತಮ್ಮ ಆತ್ಮನಿವೇದನೆಯಲ್ಲಿ ನೆನೆಯುತ್ತಾರೆ. ಅವರಿಗೆ ಹಸಿವಿರಲಿಲ್ಲ. ಅದಕ್ಕಿಂತ ಒಳ್ಳೆಯ ಹಣ್ಣು ಅವರ ಬಳಿಯೇ ಇತ್ತು. ಕದ್ದದ್ದರಲ್ಲಿ ಹೆಚ್ಚಿನದನ್ನು ಹಂದಿಗಳಿಗೆ ಎಸೆದರು. ಹಾಗಾದರೆ ಕದ್ದದ್ದೇಕೆ ಎಂದು ಪುಟಗಟ್ಟಲೆ ತಮ್ಮನ್ನೇ ಪ್ರಶ್ನಿಸಿಕೊಂಡು, ಮಾಡಬಾರದ್ದನ್ನು ಮಾಡುವುದರಲ್ಲಿಯೇ ತಮಗೆ ಸುಖವಿತ್ತು ಎಂಬ ಉತ್ತರಕ್ಕೆ ಅವರು ಬರುತ್ತಾರೆ. ಅವರು ಹುಡುಕುತ್ತಿದ್ದದ್ದು ಕೆಲವು ಹಣ್ಣುಗಳ ಕಳವಿಗಿಂತ ಆಳದಲ್ಲಿದ್ದ, ಬಯಕೆಯೇ ವಕ್ರವಾಗಿ ಹೋಗಿರುವ ಸಂಗತಿಯನ್ನು.

ಇಲ್ಲಿ ಕನ್ನಡದ ಓದುಗರಿಗೆ ಮೋಕ್ಷದ ನೆನಪಾಗಬಹುದು. ಜನನ ಮರಣಗಳ ಚಕ್ರದಿಂದ ಬಿಡುಗಡೆ ಎಂಬ ಅರ್ಥದಲ್ಲಿ ನಾವು ಮೋಕ್ಷವನ್ನು ಕುರಿತು ಮಾತನಾಡುತ್ತೇವೆ. ಕ್ರೈಸ್ತರ ರಕ್ಷಣೆಯಲ್ಲಿ ಪುನರ್ಜನ್ಮದ ಕಲ್ಪನೆ ಇಲ್ಲ. ಮುರಿದುಹೋದ ಸಂಬಂಧವನ್ನು ದೇವರು ಮತ್ತೆ ಕೂಡಿಸುವುದು, ಮನುಷ್ಯನ ಒಳಗನ್ನು ಕ್ರಮೇಣ ಗುಣಪಡಿಸುವುದು, ಕಡೆಯಲ್ಲಿ ಸತ್ತವರನ್ನು ದೇಹಸಹಿತ ಎಬ್ಬಿಸಿ ಸೃಷ್ಟಿಯನ್ನೆಲ್ಲ ಹೊಸದಾಗಿಸುವುದು, ಇವು ಮೂರೂ ಆ ಒಂದೇ ಪದದೊಳಗಿವೆ. ಆದುದರಿಂದಲೇ ಬೈಬಲಿನ ಪತ್ರಗಳು ವಿಶ್ವಾಸಿಗಳನ್ನು ಒಂದು ಕಡೆ ರಕ್ಷಣೆ ಹೊಂದಿದವರು ಎಂದೂ, ಇನ್ನೊಂದು ಕಡೆ ಹೊಂದುತ್ತಿರುವವರು ಎಂದೂ, ಮತ್ತೊಂದು ಕಡೆ ಮುಂದೆ ಹೊಂದುವವರು ಎಂದೂ ಕರೆಯುತ್ತವೆ. ಪೆಂತೆಕೋಸ್ತ್ ಸಭೆಯವರು ‘ನೀವು ಯಾವಾಗ ರಕ್ಷಣೆ ಹೊಂದಿದಿರಿ?’ ಎಂದು ಕೇಳುವಾಗ ಮೊದಲನೆಯ ಅರ್ಥಕ್ಕೆ ಒತ್ತು ಕೊಡುತ್ತಿರುತ್ತಾರೆ. ಕ್ಯಾಥೊಲಿಕರು ತಮ್ಮ ರಕ್ಷಣೆಗಾಗಿ ಪ್ರಾರ್ಥಿಸಿರೆಂದು ಹೇಳುವಾಗ ಎರಡನೆಯದೂ ಮೂರನೆಯದೂ ಅವರ ಮನಸ್ಸಿನಲ್ಲಿರುತ್ತವೆ. ಒಂದೇ ಪದವನ್ನು ಬಳಸುತ್ತ ಇಬ್ಬರೂ ಒಬ್ಬರಿಗೊಬ್ಬರು ಅರ್ಥವಾಗದಂತಾಗುವುದು ಇದರಿಂದಲೇ.

ಕುರಿ, ನಾಣ್ಯ, ಮಗ

ಈ ವಿಚಾರವನ್ನು ಯೇಸು ಸಿದ್ಧಾಂತವಾಗಿ ಮಂಡಿಸಲಿಲ್ಲ, ಕಥೆಗಳಾಗಿ ಹೇಳಿದರು. ಯೇಸುವಿನ ಬದುಕನ್ನು ಹೇಳುವ ಬೈಬಲಿನ ಪುಸ್ತಕಗಳಿಗೆ ಸುವಾರ್ತೆಗಳೆಂದು ಹೆಸರು; ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯದಲ್ಲಿ ಅಂಥ ಮೂರು ಕಥೆಗಳಿವೆ. ಅವುಗಳ ಸಂದರ್ಭವನ್ನು ಮರೆತರೆ ಕಥೆಯ ಮೊನೆಯೇ ಮೊಂಡಾಗುತ್ತದೆ. ರೋಮನ್ ಆಳ್ವಿಕೆಗಾಗಿ ತೆರಿಗೆ ವಸೂಲಿ ಮಾಡುತ್ತ ಸ್ವಂತ ಜನರಿಂದಲೇ ದ್ರೋಹಿಗಳೆನಿಸಿಕೊಂಡಿದ್ದ ಸುಂಕದವರೂ, ಊರವರು ಪಾಪಿಗಳೆಂದು ದೂರವಿಟ್ಟಿದ್ದವರೂ ಯೇಸುವಿನ ಮಾತು ಕೇಳಲು ಬರುತ್ತಿದ್ದರು. ಯೇಸು ಅವರೊಡನೆ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದರು. ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಫರಿಸಾಯರೂ ಶಾಸ್ತ್ರಿಗಳೂ ಅದನ್ನು ಕಂಡು ಗೊಣಗಿದರು. ಯಾರ ಜೊತೆ ಕೂತು ಉಣ್ಣಬಹುದು ಎಂಬ ಪ್ರಶ್ನೆಗೆ ಎಷ್ಟು ತೂಕವಿದೆ ಎಂಬುದನ್ನು ನಮ್ಮ ನಾಡಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಆ ಗೊಣಗಾಟಕ್ಕೆ ಉತ್ತರವಾಗಿ ಬಂದವು ಈ ಕಥೆಗಳು.

ಮೊದಲನೆಯದರಲ್ಲಿ ನೂರು ಕುರಿಗಳ ಒಡೆಯನೊಬ್ಬನು ತೊಂಬತ್ತೊಂಬತ್ತನ್ನು ಬಿಟ್ಟು, ತಪ್ಪಿಹೋದ ಒಂದನ್ನು ಹುಡುಕಿ ಹೆಗಲ ಮೇಲೆ ಹೊತ್ತು ತರುತ್ತಾನೆ. ಎರಡನೆಯದರಲ್ಲಿ ಹತ್ತು ಬೆಳ್ಳಿ ನಾಣ್ಯಗಳಿದ್ದ ಹೆಂಗಸೊಬ್ಬಳು ಕಳೆದುಹೋದ ಒಂದಕ್ಕಾಗಿ ದೀಪ ಹಚ್ಚಿ, ಮನೆ ಗುಡಿಸಿ, ಸಿಗುವ ತನಕ ಹುಡುಕುತ್ತಾಳೆ. ಆ ನಾಣ್ಯದ ಬೆಲೆ ಸುಮಾರು ಒಂದು ದಿನದ ಕೂಲಿ. ಎರಡರಲ್ಲಿಯೂ ಕಳೆದುಹೋದದ್ದು ತಾನಾಗಿ ಮರಳುವುದಿಲ್ಲ. ನಾಣ್ಯಕ್ಕಂತೂ ತಾನು ಕಳೆದುಹೋಗಿರುವುದೇ ತಿಳಿಯದು. ಹುಡುಕಾಟವೆಲ್ಲ ಒಡೆಯನದು, ಸಿಕ್ಕಾಗಿನ ಸಂತೋಷವೂ ಅವನದೇ. ಕ್ರೈಸ್ತರು ‘ಕಳೆದುಹೋದವರು’ ಎನ್ನುವಾಗ ಅದು ಬೈಗುಳವಾಗಬಾರದೆಂಬುದಕ್ಕೆ ಕಾರಣ ಇಲ್ಲಿಯೇ ಇದೆ. ಬೆಲೆಯಿಲ್ಲದ್ದನ್ನು ಯಾರೂ ಹುಡುಕುವುದಿಲ್ಲವಾದ್ದರಿಂದ, ಆ ಮಾತಿನೊಳಗೆ ಕಳೆದುಹೋದವರ ಬೆಲೆಯೂ ಅಡಗಿದೆ.

ಮೂರನೆಯ ಕಥೆ ಉದ್ದವಾದದ್ದು. ಕಿರಿಯ ಮಗನೊಬ್ಬನು ತಂದೆ ಬದುಕಿರುವಾಗಲೇ ತನ್ನ ಪಾಲಿನ ಆಸ್ತಿಯನ್ನು ಕೇಳಿ ಪಡೆದು, ದೂರದೇಶಕ್ಕೆ ಹೋಗಿ, ಅದನ್ನೆಲ್ಲ ದುಂದುಮಾಡಿ ಕಳೆಯುತ್ತಾನೆ. ಬರಗಾಲ ಬಂದಾಗ ಹಂದಿ ಮೇಯಿಸುವ ಕೆಲಸಕ್ಕೆ ಸೇರುತ್ತಾನೆ. ಹಂದಿಯನ್ನು ಅಶುದ್ಧವೆಂದು ಎಣಿಸುವ ಯೆಹೂದ್ಯರ ಹುಡುಗನಿಗೆ ಅದಕ್ಕಿಂತ ಕೆಳಗೆ ಇಳಿಯಲು ಜಾಗವೇ ಇರಲಿಲ್ಲ. ಹೊಟ್ಟೆ ಹಸಿದು ಬುದ್ಧಿ ಬಂದಾಗ ಅವನು ತಂದೆಯ ಮುಂದೆ ಆಡಬೇಕಾದ ಮಾತನ್ನು ಮೂರು ಭಾಗಗಳಲ್ಲಿ ಸಿದ್ಧಮಾಡಿಕೊಳ್ಳುತ್ತಾನೆ: ಪಾಪಮಾಡಿದ್ದೇನೆ, ನಿನ್ನ ಮಗನೆನಿಸಿಕೊಳ್ಳಲು ಯೋಗ್ಯನಲ್ಲ, ನನ್ನನ್ನು ನಿನ್ನ ಕೂಲಿಯಾಳುಗಳಲ್ಲಿ ಒಬ್ಬನಂತೆ ಇಟ್ಟುಕೋ. ಅವನು ಇನ್ನೂ ದೂರದಲ್ಲಿರುವಾಗಲೇ ತಂದೆ ಅವನನ್ನು ಕಂಡು, ಓಡಿಬಂದು ತಬ್ಬಿಕೊಳ್ಳುತ್ತಾನೆ. ಮಗನು ಮೊದಲ ಎರಡು ಮಾತುಗಳನ್ನು ಹೇಳುತ್ತಾನೆ. ಮೂರನೆಯದನ್ನು ಹೇಳಲು ಅವಕಾಶವೇ ಸಿಗುವುದಿಲ್ಲ. ಅಷ್ಟರಲ್ಲಿ ತಂದೆಯು ಶ್ರೇಷ್ಠವಾದ ನಿಲುವಂಗಿ, ಬೆರಳಿಗೆ ಉಂಗುರ, ಕಾಲಿಗೆ ಜೋಡು ತರುವಂತೆ ಆಳುಗಳಿಗೆ ಅಪ್ಪಣೆ ಮಾಡಿಯಾಗಿರುತ್ತದೆ. ಇಡೀ ಕ್ರೈಸ್ತ ಧರ್ಮಶಾಸ್ತ್ರದಲ್ಲಿ ಕೃಪೆಯ ಬಗ್ಗೆ ಬರೆದ ಯಾವ ಗ್ರಂಥಕ್ಕಿಂತಲೂ, ಹೇಳದೆ ಉಳಿದ ಆ ಮೂರನೆಯ ವಾಕ್ಯವೇ ವಿಷಯವನ್ನು ಹೆಚ್ಚು ಸ್ಪಷ್ಟವಾಗಿ ತಿಳಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಕೂಲಿಯ ಮಾತು ಬಂದರೆ ದುಡಿಮೆಗೆ ತಕ್ಕ ಲೆಕ್ಕ ಬರುತ್ತದೆ, ತೀರಿಸಬೇಕಾದ ಸಾಲ ಬರುತ್ತದೆ. ತಂದೆ ಆ ಲೆಕ್ಕದ ಪುಸ್ತಕವನ್ನೇ ತೆರೆಯುವುದಿಲ್ಲ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಹೊಲದಿಂದ ಮನೆಗೆ ಬರುತ್ತಿದ್ದ ಹಿರಿಯ ಮಗನಿಗೆ ವಾದ್ಯದ ಸದ್ದೂ ಕುಣಿತದ ಸದ್ದೂ ಕೇಳಿಸುತ್ತವೆ. ಆಳಿನಿಂದ ಸಂಗತಿ ತಿಳಿದು, ಸಿಟ್ಟಾಗಿ, ಒಳಕ್ಕೆ ಬರುವುದಿಲ್ಲ ಎನ್ನುತ್ತಾನೆ. ಇಷ್ಟು ವರ್ಷ ನಿನಗೆ ದುಡಿದೆ, ನಿನ್ನ ಒಂದು ಮಾತನ್ನೂ ಮೀರಲಿಲ್ಲ, ನೀನು ನನಗೆ ಒಂದು ಆಡಿನ ಮರಿಯನ್ನೂ ಕೊಡಲಿಲ್ಲ ಎಂಬುದು ಅವನ ದೂರು. ಕಿರಿಯನು ತಪ್ಪುಮಾಡಿ ಕೂಲಿಯಾಳಾಗಲು ಬಂದ. ಹಿರಿಯನು ತಪ್ಪೇ ಮಾಡದೆ, ಮನೆಯಲ್ಲಿದ್ದುಕೊಂಡೇ, ತನ್ನನ್ನು ಕೂಲಿಯಾಳೆಂದು ಎಣಿಸಿಕೊಂಡಿದ್ದ. ಒಳ್ಳೆಯ ನಡತೆಯ ನಡುವೆಯೂ ಮನುಷ್ಯ ಕಳೆದುಹೋಗಿರಬಲ್ಲ ಎಂಬುದನ್ನು, ಗೊಣಗುತ್ತಿದ್ದವರ ಮುಂದೆಯೇ ಯೇಸು ಹೀಗೆ ಇಟ್ಟರು. ತಂದೆ ಇವನನ್ನು ಕರೆಯಲೂ ಹೊರಗೆ ಬರುತ್ತಾನೆ. ಹಿರಿಯ ಮಗನು ಒಳಕ್ಕೆ ಹೋದನೋ ಇಲ್ಲವೋ ಎಂಬುದನ್ನು ಲೂಕನು ಬರೆದಿಲ್ಲ.

ಕೃಪೆ, ಶಿಲುಬೆ

ಈಗ ಕೃಪೆಯನ್ನು ವ್ಯಾಖ್ಯಾನಿಸುವುದು ಸುಲಭ. ಪಡೆಯುವವನ ಯೋಗ್ಯತೆಯನ್ನು ನೋಡದೆ ದೇವರು ತಾವಾಗಿ ಮುಂದೆ ಬಂದು ಕೊಡುವ ಒಲವೂ ಸಹಾಯವೂ ಕೃಪೆ. ಹದಿನಾರನೆಯ ಶತಮಾನದಲ್ಲಿ ಕ್ಯಾಥೊಲಿಕರಿಂದ ಬೇರೆಯಾದ ಪರಂಪರೆಯವರಾದ ಕನ್ನಡದ ಪ್ರೊಟೆಸ್ಟಂಟರು ಇದನ್ನು ಕೃಪೆಯೆಂದೇ ಕರೆದರೆ, ಕ್ಯಾಥೊಲಿಕರ ಪ್ರಾರ್ಥನೆಗಳಲ್ಲಿ ವರಪ್ರಸಾದ ಎಂಬ ಮಾತು ಹೆಚ್ಚು ಬಳಕೆಯಲ್ಲಿದೆ. ಪಾಪವು ಕೊಡುವ ಸಂಬಳ ಮರಣ, ದೇವರು ಕೊಡುವ ಉಚಿತ ವರ ನಿತ್ಯಜೀವ ಎಂದು ಪೌಲರು ಸಂಬಳವನ್ನೂ ವರವನ್ನೂ ಎದುರುಬದುರು ನಿಲ್ಲಿಸುತ್ತಾರೆ. ಬೆಳಗಿನಿಂದ ದುಡಿದವರಿಗೂ ಸಂಜೆ ಒಂದು ಗಂಟೆ ದುಡಿದವರಿಗೂ ಒಂದೇ ನಾಣ್ಯ ಕೊಟ್ಟ ದ್ರಾಕ್ಷಿತೋಟದ ಯಜಮಾನನ ಕಥೆ ಮತ್ತಾಯನ ಸುವಾರ್ತೆಯಲ್ಲಿದೆ; ಯೇಸುವಿನ ಪಕ್ಕದಲ್ಲಿ ಶಿಲುಬೆಗೆ ಹಾಕಲ್ಪಟ್ಟ ಅಪರಾಧಿಗೆ ಸಾಯುವ ಗಳಿಗೆಯಲ್ಲಿ ಪರದೈಸಿನ, ಅಂದರೆ ಸ್ವರ್ಗದ, ಭರವಸೆ ಸಿಕ್ಕ ಪ್ರಸಂಗ ಲೂಕನಲ್ಲಿದೆ. ನ್ಯಾಯದ ಲೆಕ್ಕದಲ್ಲಿ ಇವೆರಡೂ ಅನ್ಯಾಯವಾಗಿ ಕಾಣುತ್ತವೆ. ತೋಟದಲ್ಲಿ ಬೆಳಗಿನಿಂದ ದುಡಿದವರೂ ಹಾಗೆಯೇ ದೂರಿದರು.

ಹಾಗೆಂದು ಕೃಪೆ ತಪ್ಪನ್ನು ಕಂಡೂ ಕಾಣದಂತೆ ಇರುವ ಧಾರಾಳತನವಲ್ಲ. ಕ್ಷಮಿಸುವವನು ಯಾವಾಗಲೂ ಏನನ್ನಾದರೂ ತೆರಬೇಕಾಗುತ್ತದೆ ಎಂಬ ತಿಳಿವಳಿಕೆ ಕ್ರೈಸ್ತರದು, ಮತ್ತು ಆ ಬೆಲೆಯನ್ನು ಯೇಸು ಶಿಲುಬೆಯ ಮೇಲೆ ತೆತ್ತರೆಂಬುದು ಅವರ ನಂಬಿಕೆ. ‘ನಮ್ಮ ಪಾಪಗಳಿಗೋಸ್ಕರ ಸತ್ತನು’ ಎಂಬ ಮಾತಿನ ಅರ್ಥ ಇದು. ಒಬ್ಬರ ಸಾವು ಉಳಿದವರನ್ನು ಹೇಗೆ ರಕ್ಷಿಸುತ್ತದೆ ಎಂಬ ಪ್ರಶ್ನೆಗೆ ಮಾತ್ರ ಒಂದೇ ಉತ್ತರವಿಲ್ಲ. ಸೆರೆಯಲ್ಲಿದ್ದವರನ್ನು ಬಿಡಿಸಲು ತೆತ್ತ ಈಡು ಎಂದೂ, ಮರಣ ಹಾಗೂ ಸೈತಾನನ ಮೇಲಿನ ಜಯ ಎಂದೂ ಆದಿಸಭೆಯ ಗುರುಗಳು ವಿವರಿಸಿದರು. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಕ್ಯಾಂಟರ್ಬರಿಯ ಆನ್ಸೆಲ್ಮ್ ಅವರು, ಪಾಪದಿಂದ ದೇವರ ಗೌರವಕ್ಕೆ ಬಂದ ಕುಂದನ್ನು ತುಂಬಿಕೊಟ್ಟದ್ದೆಂದು ವಾದಿಸಿದರು. ಹದಿನಾರನೆಯ ಶತಮಾನದ ಸುಧಾರಕರು ನಮಗೆ ಬರಬೇಕಾದ ದಂಡನೆಯನ್ನು ಕ್ರಿಸ್ತನು ತನ್ನ ಮೇಲೆ ತೆಗೆದುಕೊಂಡನೆಂಬ ವಿವರಣೆಗೆ ಒತ್ತುಕೊಟ್ಟರು. ಇಂದಿಗೂ ಭಾನುವಾರಗಳಂದು ಹೇಳುವ ನೈಸಿಯಾದ ವಿಶ್ವಾಸಪ್ರಮಾಣವಾದರೋ, ನಮಗಾಗಿಯೂ ನಮ್ಮ ರಕ್ಷಣೆಗಾಗಿಯೂ ಪರಲೋಕದಿಂದ ಇಳಿದುಬಂದನು, ನಮಗೋಸ್ಕರ ಶಿಲುಬೆಗೇರಿದನು ಎಂದಷ್ಟೇ ಹೇಳಿ, ಹೇಗೆ ಎಂಬುದನ್ನು ಬಿಟ್ಟುಬಿಡುತ್ತದೆ.

ಮನುಷ್ಯನ ಪಾಲೆಷ್ಟು?

ಕೃಪೆ ದೇವರದ್ದೇ ಆದರೆ ಮನುಷ್ಯನು ಮಾಡಬೇಕಾದ್ದೇನಾದರೂ ಉಂಟೇ? ಕ್ರೈಸ್ತ ಸಭೆಗಳನ್ನು ಹದಿನಾರು ಶತಮಾನಗಳಿಂದ ಕಾಡಿದ ಪ್ರಶ್ನೆ ಇದು. ಮೇಲುಕೋಟೆಯ ಶ್ರೀವೈಷ್ಣವ ಪರಂಪರೆಯನ್ನು ಬಲ್ಲವರಿಗೆ ಇದರ ಸ್ವರೂಪ ಬೇಗ ಹಿಡಿಯುತ್ತದೆ, ಏಕೆಂದರೆ ಶರಣಾಗತಿಯ ವಿಚಾರದಲ್ಲಿ ಆ ಪರಂಪರೆಯ ಎರಡು ಶಾಖೆಗಳಾದ ವಡಗಲೆ ಮತ್ತು ತೆಂಗಲೆಗಳ ನಡುವೆ ನಡೆದ ಚರ್ಚೆಯೂ ಇಂಥದ್ದೇ. ಕೋತಿಯ ಮರಿ ತಾಯಿಯನ್ನು ತಾನೇ ಅಪ್ಪಿ ಹಿಡಿದುಕೊಳ್ಳುತ್ತದೆ, ಹೊತ್ತೊಯ್ಯುವುದು ತಾಯಿಯೇ ಆದರೂ ಹಿಡಿತ ಮರಿಯದು. ಇದು ಮರ್ಕಟಕಿಶೋರ ನ್ಯಾಯ. ಬೆಕ್ಕಿನ ಮರಿಯನ್ನಾದರೋ ತಾಯಿಯೇ ಬಾಯಲ್ಲಿ ಕಚ್ಚಿ ಒಯ್ಯುತ್ತದೆ, ಮರಿ ಸುಮ್ಮನಿದ್ದರೆ ಸಾಕು. ಇದು ಮಾರ್ಜಾಲಕಿಶೋರ ನ್ಯಾಯ. ಎರಡು ಪರಂಪರೆಗಳ ಇತಿಹಾಸ ಬೇರೆ ಬೇರೆಯಾದರೂ ಕ್ರೈಸ್ತರ ವಾದಗಳನ್ನು ಗುರುತಿಟ್ಟುಕೊಳ್ಳಲು ಈ ಎರಡು ಮರಿಗಳು ನೆರವಾಗುತ್ತವೆ.

ಐದನೆಯ ಶತಮಾನದ ಆರಂಭದಲ್ಲಿ ರೋಮಿನಲ್ಲಿದ್ದ ಪೆಲೇಜಿಯಸ್ ಎಂಬ ಬ್ರಿಟನ್ ಮೂಲದ ವಿರಕ್ತರು ಮೂರನೆಯದೊಂದು ದಾರಿಯನ್ನು ಹೇಳಿದರು: ದೇವರು ಮನುಷ್ಯನಿಗೆ ಸ್ವತಂತ್ರ ಇಚ್ಛೆಯನ್ನೂ ಧರ್ಮಶಾಸ್ತ್ರವನ್ನೂ ಕ್ರಿಸ್ತನ ಮಾದರಿಯನ್ನೂ ಕೊಟ್ಟಿದ್ದಾರೆ, ಇನ್ನು ನಡೆಯುವುದು ಮರಿಯ ಕೆಲಸ. ಅವರ ಕಳಕಳಿ ಪ್ರಾಮಾಣಿಕವಾಗಿತ್ತು. ಎಲ್ಲವನ್ನೂ ದೇವರ ಮೇಲೆ ಹಾಕಿ ಜನರು ನೀತಿಯಲ್ಲಿ ಸೋಮಾರಿಗಳಾಗುತ್ತಾರೆಂಬ ಭಯ ಅವರಿಗಿತ್ತು. ನೀವು ಆಜ್ಞಾಪಿಸುವುದನ್ನು ನೀವೇ ದಯಪಾಲಿಸಿ, ಆಮೇಲೆ ಬೇಕಾದ್ದನ್ನು ಆಜ್ಞಾಪಿಸಿ ಎಂದು ಅಗಸ್ಟೀನ್ ದೇವರಿಗೆ ಮಾಡಿದ ಪ್ರಾರ್ಥನೆ ಕಿವಿಗೆ ಬಿದ್ದಾಗ ಪೆಲೇಜಿಯಸ್ ಸಿಟ್ಟಾದದ್ದು ಅದಕ್ಕೇ. ಅಗಸ್ಟೀನರು ಸ್ವಂತ ಬದುಕಿನಿಂದ ಉತ್ತರಿಸಿದರು. ಬದಲಾಗಬೇಕೆಂದು ವರ್ಷಗಳ ಕಾಲ ಬಯಸಿಯೂ ಬದಲಾಗಲಾರದೆ, 386ರಲ್ಲಿ ಮಿಲಾನಿನ ತೋಟವೊಂದರಲ್ಲಿ ಅಳುತ್ತ ಕೂತಿದ್ದಾಗಲೇ ತಮ್ಮ ಮನಸ್ಸು ತಿರುಗಿದ್ದನ್ನು ಕಂಡವರು ಅವರು. ಇಚ್ಛೆಯೇ ರೋಗಿಯಾಗಿರುವಾಗ, ಗುಣವಾಗಬೇಕೆಂಬ ಬಯಕೆ ಹುಟ್ಟುವುದಕ್ಕೂ ಮೊದಲು ಕೃಪೆ ಬೇಕು ಎಂಬುದು ಅವರ ನಿಲುವು. 418ರ ಕಾರ್ಥೇಜ್ ಸಭೆಯು ಪೆಲೇಜಿಯಸರ ಬೋಧನೆಯನ್ನು ತಳ್ಳಿಹಾಕಿತು.

ಸಾವಿರಕ್ಕೂ ಹೆಚ್ಚು ವರ್ಷಗಳ ಮೇಲೆ ಇದೇ ಪ್ರಶ್ನೆಯನ್ನು ಮತ್ತೆ ಎತ್ತಿದವರು ಅಗಸ್ಟೀನರ ಹೆಸರಿನ ಸನ್ಯಾಸಿ ಸಂಘಕ್ಕೇ ಸೇರಿದ್ದ ಮಾರ್ಟಿನ್ ಲೂಥರ್. 1517ರ ಅಕ್ಟೋಬರ್ 31ರ ಅವರ 95 ವಾದಾಂಶಗಳು ಕ್ಷಮಾಪತ್ರಗಳ ಮಾರಾಟವನ್ನು ಪ್ರಶ್ನಿಸಿದವು. ಕ್ಯಾಥೊಲಿಕ್ ಬೋಧನೆಯ ಪ್ರಕಾರ ಆ ಪತ್ರವು ಪಾಪವನ್ನೇ ಕ್ಷಮಿಸುವಂಥದ್ದಲ್ಲ. ನಿವೇದಿಸಿ ಕ್ಷಮೆ ಪಡೆದ ಪಾಪಕ್ಕೆ ಉಳಿದಿರುವ ತಾತ್ಕಾಲಿಕ ದಂಡನೆಯ ಮನ್ನಾ ಅದು. ಸಂತ ಪೇತ್ರರ ಮಹಾದೇವಾಲಯವನ್ನು ಮರಳಿ ಕಟ್ಟಲು ಹಣ ಕೂಡಿಸುವ ಭರದಲ್ಲಿ ಈ ಭೇದ ಜನರ ಮನಸ್ಸಿನಲ್ಲಿ ಅಳಿಸಿಹೋಗಿತ್ತು. ಜ್ಯೂಬಿಲಿ ವರ್ಷದ ಯಾತ್ರಿಕರು ಪಡೆಯುವುದೂ ಅದೇ ಮನ್ನಾ; ಅದಕ್ಕಾಗಿ ಹಣ ಪಡೆಯುವುದನ್ನು ಹದಿನಾರನೆಯ ಶತಮಾನದಲ್ಲಿಯೇ ನಿಲ್ಲಿಸಲಾಗಿದೆ. ಲೂಥರರ ವಾದ ಮಾರಾಟಕ್ಕಷ್ಟೇ ನಿಲ್ಲಲಿಲ್ಲ. ಕ್ರಿಸ್ತನ ನೀತಿಯನ್ನು ನಮ್ಮದೆಂದು ಎಣಿಸಿ ದೇವರು ನಮ್ಮನ್ನು ನೀತಿವಂತರೆಂದು ನಿರ್ಣಯಿಸುತ್ತಾರೆ, ಅದನ್ನು ನಂಬಿಕೆಯಿಂದ ಮಾತ್ರ ಪಡೆಯುತ್ತೇವೆ ಎಂದು ಅವರು ಬೋಧಿಸಿದರು. ಇದು ಬೆಕ್ಕಿನ ಮರಿಗೆ ಹತ್ತಿರದ ಮಾತು.

ಇದಕ್ಕೆ ಉತ್ತರವಾಗಿ 1545ರಲ್ಲಿ ಸೇರಿದ, ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ 1547ರ ತನ್ನ ನಿರ್ಣಯದಲ್ಲಿ, ಕೃಪೆಯಿಲ್ಲದೆ ಸ್ವಂತ ಕ್ರಿಯೆಗಳಿಂದ ರಕ್ಷಣೆ ಸಾಧ್ಯವೆಂಬುದನ್ನು ಮೊಟ್ಟಮೊದಲಿಗೇ ಖಂಡಿಸಿತು. ಟ್ರೆಂಟ್ ಸಭೆಯು ಸತ್ಕ್ರಿಯೆಗಳ ಮೂಲಕ ಸ್ವರ್ಗ ಸಂಪಾದಿಸಬಹುದೆಂದಿತು ಎಂದು ಪ್ರೊಟೆಸ್ಟಂಟರಲ್ಲಿ ಹಲವರು ತಿಳಿದಿರುವುದು ಸರಿಯಲ್ಲ. ಕೃಪೆಯೇ ಮೊದಲು, ಆದರೆ ಅದರಿಂದ ಎಚ್ಚತ್ತ ಮನುಷ್ಯನ ಇಚ್ಛೆಯು ಅದಕ್ಕೆ ಒಪ್ಪಿ ಸಹಕರಿಸುತ್ತದೆ, ನಿರಾಕರಿಸಲೂಬಲ್ಲುದು ಎಂಬುದು ಆ ಸಭೆಯ ನಿಲುವು. ಇಲ್ಲಿ ಕೋತಿಯ ಮರಿಯ ಹಿಡಿತಕ್ಕೆ ಸ್ಥಾನವಿದೆ, ಆ ಹಿಡಿತದ ಬಲವನ್ನೂ ತಾಯಿಯೇ ಕೊಟ್ಟದ್ದೆಂಬ ತಿದ್ದುಪಡಿಯೊಂದಿಗೆ. ಪ್ರೊಟೆಸ್ಟಂಟರೊಳಗೂ ಒಮ್ಮತವಿರಲಿಲ್ಲ. ರಕ್ಷಣೆ ಹೊಂದುವವರನ್ನು ದೇವರು ಮೊದಲೇ ಆರಿಸಿರುತ್ತಾರೆಂದು ಹದಿನಾರನೆಯ ಶತಮಾನದ ಸುಧಾರಕ ಕ್ಯಾಲ್ವಿನರೂ, ಕೃಪೆ ಎಲ್ಲರಿಗೂ ಮುಂಚಿತವಾಗಿ ದೊರೆತು ಒಪ್ಪುವ ಶಕ್ತಿಯನ್ನು ಕೊಡುತ್ತದೆಂದು ಮೆಥಡಿಸ್ಟರ ಮೂಲಪುರುಷ ಜಾನ್ ವೆಸ್ಲಿಯವರೂ ಹೇಳಿದರು. ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲಿಯೂ ನೆಲೆಯುಳ್ಳ ಆರ್ಥೊಡಾಕ್ಸ್ ಸಭೆಗಳ ಪರಂಪರೆ ಈ ಪಶ್ಚಿಮದ ಜಗಳದಿಂದ ಹೊರಗೆ ಬೆಳೆದದ್ದು. ಅಲ್ಲಿ ರಕ್ಷಣೆಯೆಂದರೆ ಮನುಷ್ಯನು ಗುಣಹೊಂದುತ್ತ ದೇವರ ಜೀವದಲ್ಲಿ ಪಾಲುಗಾರನಾಗುತ್ತ ಹೋಗುವುದು.

1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಲೂಥರನ್ ವಿಶ್ವ ಒಕ್ಕೂಟವೂ ಕ್ಯಾಥೊಲಿಕ್ ಸಭೆಯೂ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮ ಯಾವ ಯೋಗ್ಯತೆಯಿಂದಲೂ ಅಲ್ಲದೆ, ಕೃಪೆಯಿಂದ ಮಾತ್ರ, ಕ್ರಿಸ್ತನ ರಕ್ಷಣಾಕಾರ್ಯದಲ್ಲಿಟ್ಟ ನಂಬಿಕೆಯ ಮೂಲಕ ದೇವರು ನಮ್ಮನ್ನು ಸ್ವೀಕರಿಸುತ್ತಾರೆ, ಪವಿತ್ರಾತ್ಮನು ನಮ್ಮನ್ನು ಹೊಸಬರನ್ನಾಗಿಸಿ ಸತ್ಕ್ರಿಯೆಗಳಿಗೆ ಕರೆಯುತ್ತಾನೆ ಎಂಬುದು ಅದರ ಸಾರ. 2006ರಲ್ಲಿ ಮೆಥಡಿಸ್ಟರೂ 2017ರಲ್ಲಿ ಕ್ಯಾಲ್ವಿನರ ಪರಂಪರೆಯ ರಿಫಾರ್ಮ್ಡ್ ಸಭೆಗಳ ಒಕ್ಕೂಟವೂ ಇದಕ್ಕೆ ಸೇರಿಕೊಂಡವು. ವ್ಯತ್ಯಾಸಗಳು ಉಳಿದಿವೆ, ಅವಕ್ಕಾಗಿ ಒಬ್ಬರನ್ನೊಬ್ಬರು ಶಪಿಸುವ ಕಾರಣ ಉಳಿದಿಲ್ಲ ಎಂಬುದು ಆ ಘೋಷಣೆಯ ತೂಕ.

ಹಾಗಾದರೆ ಒಳ್ಳೆಯ ಕೆಲಸ ಏಕೆ?

ಕೃಪೆಯ ವಿಚಾರ ಕೇಳಿದವರೆಲ್ಲರೂ ಕೇಳುವ ಪ್ರಶ್ನೆ ಇದು. ಕೃಪೆ ಹೆಚ್ಚಲೆಂದು ಪಾಪದಲ್ಲಿಯೇ ಇರೋಣವೇ ಎಂದು ಪೌಲರೇ ಅದನ್ನು ಎತ್ತಿ, ಎಂದಿಗೂ ಇಲ್ಲ ಎಂದು ಉತ್ತರಿಸುತ್ತಾರೆ. ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು ಎಂಬುದು ಯಾಕೋಬನ ಪತ್ರದ ಮಾತು. ಇಲ್ಲಿ ಗಮನಿಸಬೇಕಾದ್ದು ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮವನ್ನು. ಯೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ ಜಕ್ಕಾಯನ ಪ್ರಸಂಗದಲ್ಲಿ ಆ ಕ್ರಮ ಕಣ್ಣಿಗೆ ಕಟ್ಟುವಂತಿದೆ. ಕುಳ್ಳನಾದ ಅವನು ಗುಂಪಿನಾಚೆ ಯೇಸುವನ್ನು ನೋಡಲು ಅತ್ತಿಯ ಜಾತಿಯ ಮರವನ್ನೇರಿ ಕೂತಿರುತ್ತಾನೆ. ಯೇಸು ಅವನನ್ನು ಹೆಸರು ಹಿಡಿದು ಕರೆದು, ಈ ದಿನ ನಿನ್ನ ಮನೆಯಲ್ಲೇ ಇಳಿದುಕೊಳ್ಳಬೇಕು ಎನ್ನುತ್ತಾರೆ. ಲಂಚ ಬಿಡು, ಹಣ ಹಿಂದಿರುಗಿಸು, ಆಮೇಲೆ ಬರುತ್ತೇನೆ ಎಂಬ ಷರತ್ತು ಆ ಕರೆಯಲ್ಲಿಲ್ಲ. ತನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆ, ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದು ಜಕ್ಕಾಯನು ಹೇಳುವುದು ಯೇಸು ಅವನ ಅತಿಥಿಯಾದ ಮೇಲೆ. ಕಳೆದುಹೋದದ್ದನ್ನು ಹುಡುಕಿ ರಕ್ಷಿಸಲು ತಾವು ಬಂದಿರುವುದಾಗಿ ಯೇಸು ಹೇಳುವ ಮಾತು ಇದೇ ಪ್ರಸಂಗದ ಕೊನೆಯಲ್ಲಿದೆ.

ಹುಡುಕಿಕೊಂಡು ಹೋಗುವುದು

ಹುಡುಕುವವರು ದೇವರೇ ಆದರೆ ಕ್ರೈಸ್ತರು ಸುವಾರ್ತೆ, ಅಂದರೆ ಯೇಸುವಿನ ಶುಭಸಂದೇಶ, ಸಾರಲು ಹೋಗುವುದೇಕೆ? ಎಲ್ಲ ಜನಾಂಗಗಳನ್ನು ಶಿಷ್ಯರನ್ನಾಗಿ ಮಾಡಿರಿ ಎಂದು ಪುನರುತ್ಥಾನದ ನಂತರ ಯೇಸು ಹೇಳಿದ ಮಾತು ಮತ್ತಾಯನ ಸುವಾರ್ತೆಯ ಕೊನೆಯಲ್ಲಿದೆ. ದೇವರು ನಡೆಸುತ್ತಿರುವ ಹುಡುಕಾಟದಲ್ಲಿ ತಾವು ಪಾಲ್ಗೊಳ್ಳುತ್ತಿದ್ದೇವೆಂಬ ತಿಳಿವಳಿಕೆಯಿಂದಲೇ ಅವರು ಹೊರಡುತ್ತಾರೆ.

ಕರ್ನಾಟಕದಲ್ಲಿ ಇದರ ಒಂದು ಮುಖವನ್ನು ಮಂಗಳೂರಿನಲ್ಲಿ ನೋಡಬಹುದು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಮೂವರು 1834ರಲ್ಲಿ ಅಲ್ಲಿಗೆ ಬಂದಿಳಿದರು. ಬಂದದ್ದು ಧರ್ಮಪ್ರಚಾರಕ್ಕೆ. ಆದರೆ ಆ ಉದ್ದೇಶವೇ ಅವರನ್ನು ಬೇರೆ ಬೇರೆ ಕೆಲಸಗಳಿಗೆ ಎಳೆದೊಯ್ದಿತು. ಜನರೊಡನೆ ಮಾತನಾಡಲು ಕನ್ನಡ, ತುಳು ಕಲಿತರು. ಅದರ ಬೆನ್ನಿಗೇ ಮುದ್ರಣಾಲಯ ಬಂದಿತು, 1843ರಲ್ಲಿ ಹರ್ಮನ್ ಮೊಗ್ಲಿಂಗರ ‘ಮಂಗಳೂರ ಸಮಾಚಾರ’ ಬಂದಿತು, 1894ರಲ್ಲಿ ಫರ್ಡಿನಾಂಡ್ ಕಿಟ್ಟೆಲರ ನಿಘಂಟು ಬಂದಿತು. ಹೊಸ ನಂಬಿಕೆಗೆ ಸೇರಿದವರಲ್ಲಿ ಬಿಲ್ಲವರು ಹೆಚ್ಚಿನವರು. ಸೇರಿದವರು ಹಲವೊಮ್ಮೆ ಮನೆತನದಿಂದ, ಕುಲಕಸುಬಿನಿಂದ ಹೊರಬೀಳುತ್ತಿದ್ದುದರಿಂದ ಅವರಿಗೆ ಜೀವನೋಪಾಯ ಒದಗಿಸಲು ನೇಯ್ಗೆಯ ಕಾರ್ಖಾನೆಗಳೂ, 1865ರಲ್ಲಿ ಹಂಚಿನ ಕಾರ್ಖಾನೆಯೂ ಆರಂಭವಾದವು. ಮಂಗಳೂರು ಹಂಚು ಮನೆಮಾತಾದದ್ದು ಹೀಗೆ.

ಇನ್ನೊಂದು ಮುಖ ವಿವಾದದ್ದು. ನೆರವು ಎಲ್ಲಿ ಮುಗಿದು ಆಮಿಷ ಎಲ್ಲಿ ಆರಂಭವಾಗುತ್ತದೆ ಎಂಬ ಪ್ರಶ್ನೆ ಭಾರತದಲ್ಲಿ ದೀರ್ಘಕಾಲದಿಂದ ಚರ್ಚೆಯಲ್ಲಿದೆ. ಸಂವಿಧಾನದ 25ನೆಯ ವಿಧಿಯು ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಡುತ್ತದೆ. ತನ್ನ ಧರ್ಮದ ತತ್ವಗಳನ್ನು ತಿಳಿಯಹೇಳುವ ಹಕ್ಕು ಅದರಲ್ಲಿದೆ, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿಲ್ಲ ಎಂದು ಸುಪ್ರೀಂ ಕೋರ್ಟ್ 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ತೀರ್ಪಿತ್ತಿತು. ಬಲವಂತ ಹಾಗೂ ಆಮಿಷದ ಮತಾಂತರವನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ 2022ರಲ್ಲಿ ಜಾರಿಗೆ ಬಂದಿತು. ಅದನ್ನು ಹಿಂಪಡೆಯಲು ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು. ಸಭೆಗಳ ಒಳಗೂ ಈ ಚರ್ಚೆ ನಡೆದಿದೆ. ವ್ಯಾಟಿಕನ್, ಸಭೆಗಳ ವಿಶ್ವ ಮಂಡಳಿ ಮತ್ತು ವಿಶ್ವ ಇವ್ಯಾಂಜೆಲಿಕಲ್ ಒಕ್ಕೂಟ ಮೂರೂ ಸೇರಿ 2011ರಲ್ಲಿ ಹೊರಡಿಸಿದ ದಾಖಲೆಯು ಸುವಾರ್ತೆ ಸಾರುವುದು ಕರ್ತವ್ಯವೆಂದು ಹೇಳುತ್ತಲೇ ವಂಚನೆ, ಬಲವಂತ, ಹಣದ ಆಮಿಷ, ಬಡತನದ ದುರುಪಯೋಗಗಳಿಗೆ ಅದರಲ್ಲಿ ಸ್ಥಾನವಿಲ್ಲವೆಂದು ಸ್ಪಷ್ಟಪಡಿಸಿದೆ. ಕೃಪೆಯ ತರ್ಕಕ್ಕೂ ಇದೇ ಒಪ್ಪುತ್ತದೆ: ಉಚಿತವಾಗಿ ಬಂದದ್ದನ್ನು ಕೊಂಡುಕೊಳ್ಳುವುದಾಗಲಿ ಹೇರುವುದಾಗಲಿ ಸಾಧ್ಯವಿಲ್ಲ.

ಕೇಳದೇ ಇರುವವರ ಗತಿ

ಕೊನೆಯದಾಗಿ, ಕ್ರಿಸ್ತನ ಹೆಸರನ್ನೇ ಕೇಳದೆ ಬದುಕಿ ಸತ್ತವರ ವಿಚಾರ. ಇಲ್ಲಿ ಕ್ರೈಸ್ತರ ನಡುವೆ ನಿಜವಾದ ಭಿನ್ನಾಭಿಪ್ರಾಯವಿದೆ. ಕ್ರಿಸ್ತನನ್ನು ಅರಿತು ಅವನಲ್ಲಿ ನಂಬಿಕೆ ಇಡದೆ ರಕ್ಷಣೆಯಿಲ್ಲವೆಂದು ಹಲವು ಇವ್ಯಾಂಜೆಲಿಕಲ್ ಮತ್ತು ಪೆಂತೆಕೋಸ್ತ್ ಸಭೆಗಳು ಬೋಧಿಸುತ್ತವೆ; ಸುವಾರ್ತೆ ಸಾರುವುದರಲ್ಲಿ ಅವರಿಗಿರುವ ಆತುರಕ್ಕೆ ಇದೇ ಕಾರಣ. ತಮ್ಮದಲ್ಲದ ತಪ್ಪಿನಿಂದ ಕ್ರಿಸ್ತನ ಸುವಾರ್ತೆಯನ್ನು ಅರಿಯದೆ, ಪ್ರಾಮಾಣಿಕ ಹೃದಯದಿಂದ ದೇವರನ್ನು ಹುಡುಕುತ್ತ, ಮನಸ್ಸಾಕ್ಷಿಯಲ್ಲಿ ತಿಳಿದ ದೇವರ ಚಿತ್ತವನ್ನು ಕೃಪೆಯ ಬಲದಿಂದ ನಡೆಸಲೆತ್ನಿಸುವವರೂ ನಿತ್ಯರಕ್ಷಣೆಯನ್ನು ಹೊಂದಬಲ್ಲರೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಘೋಷಿಸಿತು. ಆ ವಾಕ್ಯದಲ್ಲಿಯೂ ಕೃಪೆ ಎಂಬ ಪದವನ್ನು ಬಿಟ್ಟಿಲ್ಲವೆಂಬುದನ್ನು ಗಮನಿಸಬೇಕು, ಏಕೆಂದರೆ ಅಂಥವರು ರಕ್ಷಣೆ ಹೊಂದಿದರೂ ಸ್ವಂತ ಒಳ್ಳೆಯತನದಿಂದಲ್ಲ, ಅವರನ್ನು ಅವರಿಗೆ ತಿಳಿಯದಂತೆ ಮುಟ್ಟಿದ ಕ್ರಿಸ್ತನ ಕೃಪೆಯಿಂದಲೇ ಎಂಬುದು ಆ ಸಭೆಯ ಭಾವ. ಕಡೆಗೆ ಎಲ್ಲರೂ ರಕ್ಷಣೆ ಹೊಂದುವರೆಂದು ಆಶಿಸುವವರೂ ಆದಿಸಭೆಯ ಕಾಲದಿಂದ ಇದ್ದಾರೆ. ಆ ಆಶೆಯನ್ನು ಸಿದ್ಧಾಂತವಾಗಿ ಬೋಧಿಸಲು ಹೆಚ್ಚಿನ ಸಭೆಗಳು ಒಪ್ಪಿಲ್ಲ. ರಕ್ಷಣೆ ಹೊಂದುವವರು ಸ್ವಲ್ಪ ಮಂದಿಯೋ ಎಂದು ಯೇಸುವನ್ನೇ ಒಬ್ಬನು ಕೇಳಿದ್ದು ಲೂಕನ ಹದಿಮೂರನೆಯ ಅಧ್ಯಾಯದಲ್ಲಿದೆ. ಯೇಸು ಯಾವ ಸಂಖ್ಯೆಯನ್ನೂ ಹೇಳದೆ, ಇಕ್ಕಟ್ಟಾದ ಬಾಗಿಲಿನಿಂದ ಒಳಗೆ ಬರಲು ನೀವು ಹೆಣಗಾಡಿರಿ ಎಂದು ಕೇಳಿದವನ ಕಡೆಗೇ ಮಾತನ್ನು ತಿರುಗಿಸಿದರು.